ಹನ್ನೆರಡು ಸಹಿಗಳ ದೂರು

ನಾನು ಓದದೆ ಸಹಿ ಹಾಕಿದ ಕಾಗದ ಇದುವರೆಗೆ ಒಂದೂ ಇಲ್ಲ. ಇದನ್ನು ಜಂಬದಿಂದಲೇ ಹೇಳುತ್ತಿದ್ದೇನೆ. ನಮ್ಮ ಮನೆತನದಲ್ಲಿ ನನಗಿಂತ ಮೊದಲು ಸಹಿ ಹಾಕಿದವರೇ ಇರಲಿಲ್ಲ. ಅಪ್ಪ ಊರು ಬಿಟ್ಟು ಬಂದು, ಈ ಮರಾಠಿ ನಾಡಿನ ಖಡಕಿಯಲ್ಲಿ ಒಬ್ಬ ಗುತ್ತಿಗೆದಾರನ ಕೈಕೆಳಗೆ ಹಮಾಲಿ ಮಾಡುತ್ತಿದ್ದ. ವಾರಕ್ಕೊಮ್ಮೆ ಹಾಜರಿ ಪುಸ್ತಕದಲ್ಲಿ ಹೆಬ್ಬೆಟ್ಟು ಒತ್ತಿ, ಬೆರಳನ್ನು ಧೋತರದ ಅಂಚಿಗೆ ಒರೆಸಿಕೊಂಡು ಬರುತ್ತಿದ್ದ. ನಾನು ಎಂಟನೆಯ ಇಯತ್ತೆಯಲ್ಲಿದ್ದಾಗ ಒಂದು ಶನಿವಾರ ಅವನ ಜೊತೆ ಹೋಗಿದ್ದೆ. ಗುಮಾಸ್ತ ಪುಸ್ತಕ ತಿರುಗಿಸಿ ಅಪ್ಪನ ಮುಂದೆ ಇಟ್ಟಾಗ ಅದರಲ್ಲಿ ಬರೆದದ್ದನ್ನು ಓದಿದೆ. ಅಪ್ಪ ದುಡಿದಿದ್ದ ಎರಡು ದಿನಗಳ ಮುಂದೆ ‘ಗೈರುಹಾಜರಿ’ ಎಂದಿತ್ತು. ಗಟ್ಟಿಯಾಗಿಯೇ ಓದಿ ಹೇಳಿದೆ. ಗುಮಾಸ್ತ ನನ್ನ ಮುಖ ನೋಡಿದ, ಪುಸ್ತಕ ಎಳೆದುಕೊಂಡು ತಿದ್ದಿದ. ದಾರಿಯಲ್ಲಿ ಅಪ್ಪ, “ಇನ್ನ ಮ್ಯಾಲೆ ನೀ ಓದಿದ ಮ್ಯಾಲೇನ ನಾ ಬಟ್ಟ ಒತ್ತಾಂವ” ಎಂದ.

ಅಂದಿನಿಂದ ಬೇರೆಯವರು ಬರೆದದ್ದನ್ನು ನಾನು ನಂಬಿದ್ದು ಕಡಿಮೆ. ಬೆಳಿಗ್ಗೆ ಕಾಲೇಜು, ಮಧ್ಯಾಹ್ನದಿಂದ ಕ್ಯಾಂಪ್ ಪೇಟೆಯ ಬಟ್ಟೆ ಅಂಗಡಿಯಲ್ಲಿ ಕೆಲಸ. ಹೀಗೆ ಬಿ.ಎ. ಮಾಡಿದೆ. ಆಮೇಲೆ ಸರ್ಕಾರಿ ಕಚೇರಿ, ಗುಮಾಸ್ತೆಯಿಂದ ಮೇಲ್ವಿಚಾರಕಿಯವರೆಗೆ. ಮದುವೆಯ ಮಾತು ಬಂದಾಗಲೆಲ್ಲ ನನಗೆ ಒಂದಲ್ಲ ಒಂದು ಪರೀಕ್ಷೆ ಇರುತ್ತಿತ್ತು. ಈಗ ನಿವೃತ್ತಳು. ಖಡಕಿಯ ಹತ್ತಿರ ಲಿಫ್ಟ್ ಇಲ್ಲದ ಹನ್ನೆರಡು ಮನೆಗಳ ಕಟ್ಟಡದಲ್ಲಿ, ತೀರ ಮೇಲಿನ ಮಹಡಿಯಲ್ಲಿ ನಾನು ಮತ್ತು ಅವ್ವ ಇದ್ದೇವೆ. ಬಾಗಿಲ ಮೇಲಿನ ಪಾಟಿಯಲ್ಲಿ ನನ್ನ ಹೆಸರಿನ ಮುಂದೆ ಬಿ.ಎ. ಅಂತ ಬರೆಸಿದ್ದೇನೆ. ಕಟ್ಟಡದ ಕೆಲವರು ಹಿಂದಿನಿಂದ ‘ಬಿ.ಎ. ಮ್ಯಾಡಮ್’ ಎಂದು ನಗುತ್ತಾರೆಂಬುದು ಗೊತ್ತು. ನಗಲಿ. ಆದಾಯ ತೆರಿಗೆಯ ನೋಟಿಸು ಬಂದ ದಿನ ಅವರೇ ಮೆಟ್ಟಿಲು ಹತ್ತಿ ಬರುತ್ತಾರೆ.

ಹೋದ ವರ್ಷ ಗಣಪತಿ ಹಬ್ಬ ಶುರುವಾದ ದಿನಗಳಲ್ಲಿ ನಮ್ಮ ಸೊಸಾಯಿಟಿಯ ಸೆಕ್ರೆಟರಿ ನಾಲ್ಕು ಪುಟದ ಕಾಗದ ಹಿಡಿದುಕೊಂಡು ಬಂದರು. ಕೆಳಮಹಡಿಯಲ್ಲಿರುವ ಮರಾಠಿ ಗೃಹಸ್ಥರು ಅವರು, ನನಗಿಂತ ಎರಡು ವರ್ಷ ಮೊದಲು ನಿವೃತ್ತರಾದವರು. ಕಟ್ಟಡಕ್ಕೆ ಫೈಬರ್ ಇಂಟರ್ನೆಟ್ ಬರುತ್ತದೆ, ಒಂದೇ ಲೈನು, ಅದನ್ನೇ ಹನ್ನೆರಡು ಮನೆಗೂ ಹಂಚುತ್ತಾರೆ, ಹನ್ನೊಂದು ಸಹಿ ಆಗಿದೆ, ನಿಮ್ಮದೊಂದು ಬಾಕಿ ಎಂದರು. ಪೆನ್ನಿನ ಟೋಪಿ ತೆಗೆದೇ ಕೈಗೆ ಕೊಟ್ಟರು. ಹೀಗೆ ಟೋಪಿ ತೆಗೆದ ಪೆನ್ನು ಕೊಡುವವರನ್ನು ಕಂಡರೆ ನನಗೆ ಆಗುವುದಿಲ್ಲ.

“ಒಂದೇ ಲೈನು ಅಂದರೆ, ನಾನು ನೋಡಿದ್ದು ನಿಮ್ಮ ಮನೆಯಲ್ಲಿ ಕಾಣುವುದಿಲ್ಲವೇ?” ಎಂದು ಮರಾಠಿಯಲ್ಲಿ ಕೇಳಿದೆ.

“ಅಹೋ ಮ್ಯಾಡಮ್, ಎಲ್ಲರಿಗೂ ಒಂದೇ ನೀರಿನ ಟಾಕಿ. ನೀವು ಸ್ನಾನ ಮಾಡಿದ್ದು ನನಗೆ ಕಾಣುತ್ತದೆಯೇ?” ಎಂದು ತಾವೇ ನಕ್ಕರು. ನಾನು ನಗಲಿಲ್ಲ. ಕಾಗದ ಬಿಟ್ಟುಹೋಗಿ, ನಾಳೆ ಬನ್ನಿ ಎಂದೆ.

ಸಂಜೆ ಕೇಬಲಿನವನು ಮೆಟ್ಟಿಲಲ್ಲಿ ಸಿಕ್ಕ. ಇಪ್ಪತ್ತು ವರ್ಷದಿಂದ ನಮ್ಮ ಕಟ್ಟಡಕ್ಕೆ ಟಿ.ವಿ. ಕೇಬಲ್ ಕೊಟ್ಟವನು. ಇಂಡಿ ಕಡೆಯವನು. ನಮ್ಮ ಅಪ್ಪ-ಅವ್ವ ಬಿಟ್ಟು ಬಂದ ಹಳ್ಳಿ ಅವನ ಊರಿನಿಂದ ದೂರವಿಲ್ಲ. ಹಾಗಾಗಿ ಅವ್ವನಿಗೆ ಅವನನ್ನು ಕಂಡರೆ ಅಕ್ಕರೆ. ಬಂದಾಗಲೆಲ್ಲ ಕುಳ್ಳಿರಿಸಿ ಚಹಾ ಕೊಟ್ಟು ಮಳೆ ಬೆಳೆ ವಿಚಾರಿಸುತ್ತಾಳೆ.

“ಅಕ್ಕಾರ, ನಿಮ್ದೊಂದು ಸಹಿ ಉಳದದಂತಲ್ರಿ” ಎಂದ.

“ನಿನಗ ಯಾರು ಹೇಳಿದ್ರು?”

“ಸೆಕ್ರೆಟರಿ ಸಾಹೇಬ್ರು. ಟಿ.ವಿ. ಕೇಬಲ್ ಈಗ ಯಾರೂ ನೋಡಂಗಿಲ್ರಿ, ನನ್ನ ಕೆಲಸ ಮುಗದಂಗ. ಈ ಹೊಸಾ ಕಂಪನಿಯವ್ರು ನಮ್ಮ ಗಲ್ಲಿಗೆ ನನ್ನ ಲೈನ್‌ಮನ್ ಅಂತ ತಗೋತೇವಿ ಅಂದಾರ. ಮೂರ ತಿಂಗಳ ನೋಡ್ತಾರಂತ. ಯಾವ ಬಿಲ್ಡಿಂಗಿನಿಂದೂ ಕಂಪ್ಲೇಂಟ್ ಬರಬಾರದು, ಬಂತಂದ್ರ ಮನೀಗೆ. ಮದಲನೇ ಬಿಲ್ಡಿಂಗು ನಿಮ್ದ ನೋಡ್ರಿ.”

ಅವನು ಮುಚ್ಚುಮರೆ ಇಲ್ಲದೆ ಹೇಳಿದ. ನನಗೆ ಮಾತ್ರ ಅದು ಬೇರೆಯಾಗಿ ಕೇಳಿಸಿತು. ನನ್ನ ಸಹಿಯಲ್ಲಿ ಇವನಿಗೆ ಲಾಭವಿದೆ ಎಂದಮೇಲೆ ಆ ಕಾಗದವನ್ನು ಇನ್ನೊಮ್ಮೆ ಓದಬೇಕು ಎಂದುಕೊಂಡೆ. ಎರಡು ಸಲ ಓದಿದೆ. ತಪ್ಪೇನೂ ಸಿಗಲಿಲ್ಲ. ಸಿಗದಿದ್ದದ್ದೇ ಇನ್ನಷ್ಟು ಅನುಮಾನಕ್ಕೆ ಕಾರಣವಾಯಿತು. ಕೊನೆಗೆ ಕೈಯಿಂದ ಒಂದು ಷರತ್ತು ಸೇರಿಸಿದೆ: ಲೈನು ಹಂಚುವ ಡಬ್ಬಿಗೆ ಬೀಗ ಇರಬೇಕು. ಅದರ ಕೆಳಗೆ ಸಹಿ ಹಾಕಿದೆ.

ವಾರದೊಳಗೆ ಕೆಲಸ ಶುರುವಾಯಿತು. ಕಂಪನಿಯಿಂದ ಒಬ್ಬ ಹುಡುಗಿ ಇಂಜಿನಿಯರ್ ಬಂದಳು. ರಸ್ತೆಯ ಕಂಬದಿಂದ ತಂತಿ ನಮ್ಮ ತಾರಸಿಗೆ, ನಾವು ಗಚ್ಚಿ ಅನ್ನುವ ಜಾಗಕ್ಕೆ, ಬಂತು. ಗಚ್ಚಿಯ ಮೇಲೆ ನೀರಿನ ಟಾಕಿಯ ಕೊಕ್ಕೆಯಿಂದ ಮೆಟ್ಟಿಲ ಗೋಡೆಯವರೆಗೆ ಅಡ್ಡ ಹಾಯ್ದು, ಅಲ್ಲಿಂದ ಇಳಿದು ನಮ್ಮ ಬಾಗಿಲೆದುರಿನ ಗೋಡೆಯ ಡಬ್ಬಿಗೆ ಸೇರಿತು. ಕಪ್ಪು ಬಣ್ಣದ ಚಪ್ಪಟೆ ತಂತಿ, ಕಿರುಬೆರಳಿಗಿಂತ ಸಪೂರ. ಎಳೆದದ್ದೆಲ್ಲ ಕೇಬಲಿನವನೇ. ನಾನು ಬಾಗಿಲಲ್ಲಿ ಕುರ್ಚಿ ಹಾಕಿ ಕೂತು ನೋಡಿದೆ. ಡಬ್ಬಿಗೆ ಬೀಗ ಹಾಕಿದಾಗ ಬೀಗದ ಕೈ ಎರಡು ಇದ್ದವು: ಒಂದು ಸೆಕ್ರೆಟರಿಗೆ, ಇನ್ನೊಂದು ಅವನಿಗೆ.

“ಎರಡ್ಯಾಕ?” ಎಂದೆ.

“ರಿಪೇರಿ ಬಂದ್ರ ತಗೀಬೇಕಲ್ರಿ ಅಕ್ಕಾರ.” ಉಳಿದಿದ್ದ ತಂತಿಯ ತುಂಡನ್ನು ಸುಲಿದು ಒಳಗಿನ ಕೂದಲೆಳೆ ತೋರಿಸಿದ. “ನೋಡ್ರಿಲ್ಲೆ, ಇದು ಗಾಜು. ಇದರಾಗ ಕರೆಂಟ್ ಹೋಗಂಗಿಲ್ಲ, ಬೆಳಕ ಹೋಗ್ತದ. ಇದಕ್ಕ ಒಂದ ಏನಂದ್ರ...”

“ನನಗ ಗೊತ್ತದ ತಮ್ಮಾ” ಎಂದೆ. ಗೊತ್ತಿರಲಿಲ್ಲ. ಆದರೆ ಏಳನೆಯ ಇಯತ್ತೆ ಓದಿದವನು ನಮ್ಮದೇ ಬಾಗಿಲಲ್ಲಿ ನಿಂತು ನನಗೆ ವಿಜ್ಞಾನ ಹೇಳುವುದನ್ನು ಸಹಿಸಲಾಗಲಿಲ್ಲ. ಅವನು ತುಂಡನ್ನು ಜೇಬಿಗೆ ಹಾಕಿಕೊಂಡ.

ಹತ್ತು ದಿನ ಇಂಟರ್ನೆಟ್ ಬಹಳ ಚೆನ್ನಾಗಿ ನಡೆಯಿತು. ಅವ್ವ ಮೊಬೈಲಿನಲ್ಲಿ ಭಜನೆ ನೋಡುವುದನ್ನು ಕಲಿತಳು. ಪಿತೃಪಕ್ಷದ ಎರಡನೆಯ ವಾರ, ಒಂದು ಮಂಗಳವಾರ ಬೆಳಿಗ್ಗೆ ಹತ್ತೂವರೆಗೆ ಎಲ್ಲ ನಿಂತಿತು. ನನ್ನ ಮನೆಯಲ್ಲಿ ಮಾತ್ರವಲ್ಲ, ಹನ್ನೆರಡೂ ಮನೆಗಳಲ್ಲಿ. ಮಧ್ಯದ ಮಹಡಿಯಲ್ಲಿ ಮನೆಯಿಂದಲೇ ಕೆಲಸ ಮಾಡುವ ಒಬ್ಬಳು ಇದ್ದಾಳೆ. ಅವಳು ಮೆಟ್ಟಿಲಲ್ಲಿ ಓಡಾಡಿ ಎಲ್ಲರ ಬಾಗಿಲು ಬಡಿದಳು. ಸಂಜೆ ಐದಕ್ಕೆ ಯಾರೂ ಏನೂ ಮಾಡದೆ ಅದು ತಾನಾಗಿ ಬಂತು. ಬುಧವಾರ ಮತ್ತೆ ಹಾಗೆಯೇ, ಹತ್ತೂವರೆಯಿಂದ ಸಂಜೆಯವರೆಗೆ.

ತಾನಾಗಿ ಹೋಗಿ ತಾನಾಗಿ ಬರುವ ಯಾವುದನ್ನೂ ನಾನು ನಂಬುವುದಿಲ್ಲ. ಅದರ ಹಿಂದೆ ಒಂದು ಕೈ ಇರಲೇಬೇಕು. ಕಚೇರಿಯ ಅಭ್ಯಾಸ, ಒಂದು ಪುಸ್ತಕದಲ್ಲಿ ಗೆರೆ ಎಳೆದು, ವಾರ, ಹೋದ ವೇಳೆ, ಬಂದ ವೇಳೆ ಅಂತ ಬರೆಯತೊಡಗಿದೆ. ಗುರುವಾರ ಇಡೀ ದಿನ ಇತ್ತು. ಶುಕ್ರವಾರ, ಶನಿವಾರ ಮತ್ತೆ ಇಲ್ಲ. ಬಾಗಿಲ ಕಿಂಡಿಗೆ ಕಣ್ಣಿಟ್ಟು ನಿಂತು ಡಬ್ಬಿಯ ಕಾವಲು ಕಾಯ್ದೆ. ಶುಕ್ರವಾರ ಹನ್ನೆರಡಕ್ಕೆ ಕೇಬಲಿನವನು ಬಂದ, ಆಚೆ ಈಚೆ ನೋಡಿದ, ಡಬ್ಬಿ ತೆರೆದ, ಒಳಗೆ ಕೈ ಆಡಿಸಿದ, ಒಂದು ಸಣ್ಣ ಯಂತ್ರ ಹಚ್ಚಿ ನೋಡಿದ. ನಾನು ಫಕ್ಕನೆ ಬಾಗಿಲು ತೆಗೆದೆ.

“ಏನ ಮಾಡಾಕತ್ತೀ?”

ಬೆಚ್ಚಿಬಿದ್ದ. “ಅಯ್ಯ, ಅಂಜಿಸಿದ್ರಲ್ರಿ ಅಕ್ಕಾರ! ಕಂಪ್ಲೇಂಟ್ ಬಂದದ, ನೋಡಾಕ ಬಂದೀನಿ. ಇಲ್ಲೆ ಎಲ್ಲಾ ಸರಿ ಅದ್ರಿ. ಮ್ಯಾಲಿಂದ ಬೆಳಕು ಬರವಲ್ದು. ಗಚ್ಚಿ ಕೀಲಿಕೈ ಕೊಡ್ರಿ, ಒಮ್ಮೆ ಲೈನ್ ನೋಡಿ ಬರ್ತೀನಿ.”

ನಮ್ಮ ಸೊಸಾಯಿಟಿಯ ಪದ್ಧತಿ ಎಂದರೆ ಗಚ್ಚಿಗೆ ಸದಾ ಬೀಗ. ಕೀಲಿಕೈ ಮೇಲಿನ ಮಹಡಿಯ ನಮ್ಮ ಮನೆಯಲ್ಲಿ. ಉಳಿದವರೆಲ್ಲ ಬಾಲ್ಕನಿಯಲ್ಲೇ ಬಟ್ಟೆ ಒಣಗಿಸುತ್ತಾರೆ. ಬೀಗ ಹಾಕಿದ ಜಾಗಕ್ಕೆ ಯಾರೂ ಹೋಗಿ ತಂತಿ ಕೆಡಿಸಲಾರರು. ಕೆಟ್ಟರೆ ಅದು ಡಬ್ಬಿಯಲ್ಲೇ ಕೆಡಬೇಕು, ಡಬ್ಬಿಯ ಬೀಗದ ಕೈ ಇರುವುದು ಇವನ ಬಳಿ. ಈಗ ಗಚ್ಚಿಯೂ ಬೇಕಂತೆ. “ಸೆಕ್ರೆಟರಿಯವರ ಚೀಟಿ ತಗೊಂಡ ಬಾ” ಎಂದೆ.

“ಚೀಟಿ ಯಾಕ್ರಿ, ನೀವ ನನ್ನ ಜೋಡಿ ಬರ್ರಿ. ಎರಡ ನಿಮಿಷ.”

“ಅಂದಿದ್ದು ಕೇಳಿಸ್ತಿಲ್ಲೋ?”

ಅವನು ಚೀಟಿ ತರಲು ಇಳಿದು ಹೋದ. ಸೆಕ್ರೆಟರಿ ಮನೆಯಲ್ಲಿರಲಿಲ್ಲ. ಮತ್ತೆ ಮೇಲೆ ಬರಲಿಲ್ಲ. ಸಂಜೆ ಇಂಟರ್ನೆಟ್ ತಾನಾಗಿ ಬಂತು. ನಾನು ಪುಸ್ತಕದಲ್ಲಿ ಬರೆದೆ: ‘ಮಧ್ಯಾಹ್ನ ಬಂದು ಕೈಯಾಡಿಸಿ ಹೋದ, ಸಂಜೆ ಸರಿಯಾಯಿತು.’

ಶನಿವಾರ ಸೆಕ್ರೆಟರಿ ಸಿಕ್ಕಾಗ ಅದನ್ನು ತೋರಿಸಿದೆ. “ಹಾಳು ಮಾಡುವವನೂ ಅವನೇ, ಸರಿ ಮಾಡುವವನೂ ಅವನೇ. ಕಂಪನಿಯ ಕಣ್ಣಿಗೆ ತಾನು ಬೇಕಾದವನು ಅಂತ ಕಾಣಬೇಕಲ್ಲ” ಎಂದೆ.

ಅವರು ಗಡ್ಡ ತುರಿಸಿಕೊಂಡು, “ಇರಬಹುದು. ಆದರೆ ಮ್ಯಾಡಮ್, ಅವನು ನಿಮ್ಮ ಭಾಷೆಯವನಲ್ಲವೇ? ನೀವೇ ಕರೆದು ಮೆಲ್ಲಗೆ ಹೇಳಿಬಿಡಿ” ಎಂದರು.

ಅವರು ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ, ಈಗ ಗೊತ್ತಾಗುತ್ತದೆ. ಅವತ್ತು ಮೈ ಉರಿಯಿತು. ನಾನು ಇದೇ ಊರಲ್ಲಿ ಹುಟ್ಟಿದವಳು. ನಲವತ್ತು ವರ್ಷ ಯಾರ ಪರವೂ ವಹಿಸದೆ ಕಡತ ಬರೆದವಳು. ನನ್ನ ಭಾಷೆಯವನೆಂದು ಮೆಲ್ಲಗೆ ಹೇಳಬೇಕೇ? ಬೇರೆ ಭಾಷೆಯವನಾಗಿದ್ದರೆ ನಾನು ಬಹುಶಃ ಇನ್ನೊಂದು ವಾರ ಕಾಯುತ್ತಿದ್ದೆ. “ಮೆಲ್ಲಗೆ ಯಾಕೆ? ಬರೆದೇ ಕೊಡುತ್ತೇನೆ” ಎಂದೆ.

ಬರೆದೆ, ಇಂಗ್ಲಿಷಿನಲ್ಲಿ. ಕಚೇರಿಯಲ್ಲಿ ನನ್ನ ಇಂಗ್ಲಿಷ್ ಕರಡನ್ನು ಸಾಹೇಬರು ತಿದ್ದುತ್ತಿರಲಿಲ್ಲ. ಒಂದೂವರೆ ಪುಟ; ವೇಳೆಯ ಪಟ್ಟಿಯನ್ನೂ ಲಗತ್ತಿಸಿದೆ. ಭಾನುವಾರ ಗಚ್ಚಿಯ ಮೇಲೆಯೇ ಸಭೆ ಸೇರಿತು. ನಾನು ನಿಂತು ಓದಿದೆ. ಆ ಕಪ್ಪು ತಂತಿ ನಮ್ಮ ತಲೆಯ ಹಿಂದೆಯೇ ಇತ್ತು. ಅದರ ಕಡೆ ಒಬ್ಬರೂ ನೋಡಲಿಲ್ಲ. ಹನ್ನೆರಡೂ ಮನೆಯವರು ಸಹಿ ಹಾಕಿದರು. ಓದಿ ಹಾಕಿದವರು ಇಬ್ಬರೋ ಮೂವರೋ. ‘ಬಿ.ಎ. ಮ್ಯಾಡಮ್ ಬರೆದದ್ದು’ ಎಂದು ಉಳಿದವರು ಪೆನ್ನು ಕೇಳಿದರು. ನನಗೆ ಅದು ಬಹಳ ಹಿತವಾಗಿತ್ತು ಎಂಬುದನ್ನು ಮುಚ್ಚಿಡುವುದಿಲ್ಲ.

ಅವ್ವ ಮಾತ್ರ ರಾತ್ರಿ ಊಟಕ್ಕೆ ಬಡಿಸುವಾಗ, “ಅಂವ ಅಂಥಾ ಕೆಲಸ ಮಾಡಾಂವಲ್ಲ ಬಿಡ” ಎಂದಳು.

“ನಿನಗೇನ ಗೊತ್ತು? ಚಾ ಕುಡದು ಹೋಗ್ತಾನ ಅಂತ ಛಲೋ ಮನಷ್ಯಾ ಆದ್ನೇನು?”

“ಇಪ್ಪತ್ತ ವರ್ಷ ಮನೀ ಒಳಗ ಬಂದ ಹೋಗ್ಯಾನ. ಒಂದ ಚಮಚ ಅತ್ತಿತ್ತ ಆಗಿಲ್ಲ.”

“ಅವ್ವಾ, ಇದು ಚಮಚದ ವಿಚಾರ ಅಲ್ಲ. ನಿನಗ ತಿಳಿಯೂದಿಲ್ಲ.”

ಅವಳು ಸಾರಿನ ಸೌಟನ್ನು ಪಾತ್ರೆಯಲ್ಲಿ ಬಿಟ್ಟು ಎದ್ದುಹೋದಳು.

ಸೋಮವಾರ ಕಾಗದ ಕಂಪನಿಗೆ ತಲುಪಿತು. ಸಂಜೆಯೇ ಅವನಿಂದ ಬೀಗದ ಕೈ ವಾಪಸು ತೆಗೆದುಕೊಂಡು, ನಾಳೆಯಿಂದ ಬರಬೇಡ ಎಂದರಂತೆ. ಆ ಸೋಮವಾರ ಇಡೀ ದಿನ ಇಂಟರ್ನೆಟ್ ಒಂದು ಗಳಿಗೆಯೂ ನಿಲ್ಲಲಿಲ್ಲ. “ನೋಡಿದಿರಾ?” ಎಂದು ಸೆಕ್ರೆಟರಿ ಕೆಳಗಿನಿಂದಲೇ ಕೂಗಿ ಹೆಬ್ಬೆರಳು ತೋರಿಸಿದರು. ನಾನು ಪುಸ್ತಕ ಮುಚ್ಚಿಟ್ಟೆ.

ಮಂಗಳವಾರ ಹತ್ತೂವರೆಗೆ ಮತ್ತೆ ನಿಂತಿತು.

ನನಗೆ ಮೊದಲು ಬಂದ ಯೋಚನೆ ಏನು ಗೊತ್ತೇ? ಅವನ ಬಳಿ ಮೂರನೆಯ ಬೀಗದ ಕೈ ಇದೆ ಎಂದು. ಅನುಮಾನ ಹಿಡಿದವರ ತಲೆ ಅಷ್ಟು ಚುರುಕು. ಆದರೆ ಡಬ್ಬಿಯ ಬೀಗವನ್ನೇ ಬದಲಾಯಿಸಿದ್ದರು. ಹನ್ನೊಂದೂವರೆಗೆ ಆ ಇಂಜಿನಿಯರ್ ಹುಡುಗಿ ತಾನೇ ಬಂದಳು. ಡಬ್ಬಿಯಲ್ಲಿ ನೋಡಿ, “ಇಲ್ಲಿ ಸರಿ ಇದೆ, ಮೇಲಿನಿಂದಲೇ ಬೆಳಕು ಬರುತ್ತಿಲ್ಲ” ಎಂದಳು. ಅದೇ ಮಾತು. ಅವಳಿಗೆ ಮಾತ್ರ ನಾನು ಚೀಟಿ ಕೇಳಲಿಲ್ಲ. ಡಬ್ಬಿಯಲ್ಲಿ ತಂತಿಯ ತುದಿಗೆ ಪೆನ್ನಿನಂಥ ಒಂದು ಸಾಧನ ಹಚ್ಚಿದಳು. ಅದರಿಂದ ಕೆಂಪು ಬೆಳಕು ಒಳಗೆ ಹೋಗುತ್ತದೆ, ಎಲ್ಲಿ ತೊಂದರೆಯೋ ಅಲ್ಲಿ ಹೊರಗೆ ಸೋರಿ ಕಾಣುತ್ತದೆ ಎಂದಳು. ನಾವಿಬ್ಬರೂ ಗಚ್ಚಿಗೆ ಹತ್ತಿದೆವು. ಬಾಗಿಲಿಗೆ ಬೀಗ ಇರಲಿಲ್ಲ, ಅವ್ವ ಆಗಲೇ ಮೇಲಿದ್ದಳು.

ನವರಾತ್ರಿಯ ಘಟಸ್ಥಾಪನೆಗೆ ಮೊದಲು ಮನೆಯ ಹಾಸಿಗೆ ಹೊದಿಕೆ ಎಲ್ಲ ಒಗೆದು ಮಡಿ ಮಾಡಬೇಕು. ಇದು ನಮ್ಮ ಕಡೆಯೂ ಇದೆ, ಈ ಕಡೆಯೂ ಇದೆ. ಈ ಊರಿನ ಮನೆಗಳಲ್ಲಿ ಈಗ ಲಾಂಡ್ರಿಗೆ ಕೊಟ್ಟುಬಿಡುತ್ತಾರೆ. ಅವ್ವ ಕೊಡುವುದಿಲ್ಲ. ಅವಳ ಕೌದಿಗಳು ಹಳೆಯ ಸೀರೆಗಳನ್ನು ಪದರು ಪದರಾಗಿ ಇಟ್ಟು ತಾನೇ ಹೊಲಿದವು, ನೀರು ಕುಡಿದರೆ ಒಬ್ಬ ಮನುಷ್ಯನಷ್ಟು ಭಾರ. ಎರಡು ಕೌದಿ ಒಂದೇ ದಿನ ಒಗೆಯಲು ಅವಳ ಕೈಯಲ್ಲಿ ಆಗುವುದಿಲ್ಲ. ದಿನಕ್ಕೊಂದು. ಗಚ್ಚಿಯ ನೈಲಾನ್ ಹಗ್ಗ ಆ ಭಾರಕ್ಕೆ ನೆಲ ಮುಟ್ಟುತ್ತದೆ. ಹೊಸ ಕಪ್ಪು ತಂತಿಯನ್ನು ಅವ್ವ ಎಳೆದು ನೋಡಿ, “ಇದು ಹಗ್ಗಕ್ಕಿಂತ ಗಟ್ಟಿ ಅದ” ಎಂದಿದ್ದಳು. ಬೆಳಿಗ್ಗೆ ಹತ್ತೂವರೆಗೆ ಒಂದು ತುದಿ ಅವಳು, ಇನ್ನೊಂದು ತುದಿ ನಾನು ಹಿಡಿದು, ಹಿಂಡಿ, ‘ಏಳ ಮ್ಯಾಲೆ’ ಎಂದು ಎತ್ತಿ ಅದರ ಮೇಲೆ ಹರವಿ, ನಾನು ಕೆಳಗೆ ಓಡಿ ಬಂದು ಕಿಂಡಿಯಲ್ಲಿ ಡಬ್ಬಿ ಕಾಯುತ್ತಿದ್ದೆ. ಸಂಜೆ ಐದಕ್ಕೆ ಇಬ್ಬರೂ ಹೋಗಿ ಇಳಿಸುತ್ತಿದ್ದೆವು.

ಟಾಕಿಯ ಕೊಕ್ಕೆಯ ಬಳಿ ತಂತಿ ಕೌದಿಯ ಭಾರಕ್ಕೆ ಮಡಿಕೆಯಾಗಿ ಬಾಗಿತ್ತು. ಹುಡುಗಿ ಅದರ ಮೇಲೆ ತನ್ನ ಓಢಣಿ ಹಿಡಿದು ನೆರಳು ಮಾಡಿದಳು. ನೆರಳಲ್ಲಿ ಆ ಮಡಿಕೆ ಕೆಂಪಗೆ ಹೊಳೆಯುತ್ತಿತ್ತು, ಕುಂಕುಮದ ಬೊಟ್ಟಿನ ಹಾಗೆ.

“ಈ ಗೋಧಡಿ ಯಾರದು?” ಎಂದು ಅವಳು ಮರಾಠಿಯಲ್ಲಿ ಕೇಳಿದಳು.

ಟಾಕಿಯ ನೆರಳಲ್ಲಿ ಪಾರಿವಾಳ ಓಡಿಸುತ್ತ ಕೂತಿದ್ದ ಅವ್ವ, ಯಾರೋ ಮೆಚ್ಚಿ ಕೇಳಿದರೆಂದು ತಿಳಿದು ಎದ್ದು ನಿಂತಳು. “ನಮ್ದ ಯವ್ವಾ. ನಾನ ಹೊಲದದ್ದು. ನೋಡು, ಹೊಲಿಗಿ ಟಾಕಾ ಎಷ್ಟ ಸಣ್ಣ ಅದಾವ.”

ನಾನು ಕೆಳಗೆ ಬಂದು ಪುಸ್ತಕ ತೆರೆದೆ. ಮಂಗಳವಾರ, ಬುಧವಾರ, ಶುಕ್ರವಾರ, ಶನಿವಾರ. ನಾಲ್ಕು ಕೌದಿ. ಗುರುವಾರ ಮೋಡ ಕವಿದಿತ್ತೆಂದು ಒಗೆದಿರಲಿಲ್ಲ. ಭಾನುವಾರ ಗಚ್ಚಿಯಲ್ಲಿ ಸಭೆ. ಸೋಮವಾರ ಅವ್ವ ಒಗೆಯುವುದೇ ಇಲ್ಲ, ಒಪ್ಪತ್ತು. ಇವತ್ತು ಐದನೆಯದು. ಒಂದೊಂದು ವೇಳೆಯನ್ನೂ ನಾನೇ ನನ್ನ ದುಂಡು ಅಕ್ಷರದಲ್ಲಿ ಬರೆದಿದ್ದೆ. ಯಾರ ಬರವಣಿಗೆಯನ್ನೂ ನಂಬದವಳು ನನ್ನ ಬರವಣಿಗೆಯನ್ನು ಒಂದು ಸಲವೂ ಅನುಮಾನಿಸಿರಲಿಲ್ಲ.

ಸೆಕ್ರೆಟರಿಯವರಿಗೆ ಹೋಗಿ ಹೇಳಿದೆ. ಅವರು ಮೊದಲು ಹೊಟ್ಟೆ ಹಿಡಿದು ನಕ್ಕರು. ಎರಡನೆಯ ಕಾಗದ ಬರೆಯುತ್ತೇನೆ, ದೂರು ವಾಪಸು ಪಡೆಯೋಣ ಎಂದಾಗ ನಗು ನಿಂತಿತು. “ಗೋಧಡಿ ತೆಗೆದಿರಿ, ಇಂಟರ್ನೆಟ್ ಬಂತು. ಮುಗಿಯಿತಲ್ಲ. ಭಾನುವಾರ ಒಂದು ಬರೆದು ಮಂಗಳವಾರ ಇನ್ನೊಂದು ಬರೆದರೆ ಸೊಸಾಯಿಟಿಯ ಮಾತಿಗೆ ಏನು ಬೆಲೆ?”

“ಅವನ ಕೆಲಸ ಹೋಗಿದೆ.”

“ಅವನಿಗೆ ಇನ್ನೊಂದು ಸಿಗುತ್ತದೆ ಬಿಡಿ.”

ನಾನೇ ಬರೆದೆ. ಹನ್ನೆರಡರಲ್ಲಿ ಮೊದಲನೆಯ ಸಹಿ ನನ್ನದೇ ಹಾಕಿ ಮನೆಮನೆಗೆ ಹೋದೆ. ಆಗ ಕಂಡದ್ದು ನನಗೆ ಹೊಸದು. ಈ ಸಲ ಎಲ್ಲರೂ ಕಾಗದವನ್ನು ಓದಿದರು, ಎರಡೆರಡು ಸಲ. ಓದಿ ನನ್ನ ಮುಖ ನೋಡಿದರು. ಮಧ್ಯದ ಮಹಡಿಯ ಆ ಹುಡುಗಿ, “ಆಂಟಿ, ಒದ್ದೆ ಚಾದರಕ್ಕೆ ಇಂಟರ್ನೆಟ್ ನಿಲ್ಲುತ್ತದೆಯೇ? ಅವನು ನಿಮ್ಮ ಮನೆಗೆ ಬಂದು ಅತ್ತನೇ?” ಎಂದಳು. ಎದುರು ಮನೆಯಾಕೆ, “ನಿಮ್ಮ ಕಡೆಯವನು, ನಿಮಗೆ ಕರುಳು ಇರುತ್ತದೆ, ಅರ್ಥವಾಗುತ್ತದೆ” ಎಂದು ಮೃದುವಾಗಿ ಬಾಗಿಲು ಮುಚ್ಚಿದಳು. ಅನುಮಾನ ಈಗ ನನ್ನ ಬೆನ್ನು ಹತ್ತಿತ್ತು. ಕೈಯಲ್ಲಿ ಕಾಗದ ಹಿಡಿದು ಮುಚ್ಚಿದ ಬಾಗಿಲ ಮುಂದೆ ನಿಂತಾಗ, ಶುಕ್ರವಾರ ಚೀಟಿ ತರಲು ಮೆಟ್ಟಿಲಿಳಿದವನ ಬೆನ್ನು ಕಣ್ಣಿಗೆ ಬಂತು.

ಮರುದಿನ ಬೆಳಿಗ್ಗೆ ಎಲ್ಲರನ್ನೂ ಗಚ್ಚಿಗೆ ಕರೆದೆ. ಮೊಬೈಲ್ ತರಲು ಹೇಳಿದೆ. ಹೀಗೆ ಮಾಡಿದರೆ ತಂತಿ ಪೂರ್ತಿ ಮುರಿಯಬಹುದು ಎಂದು ಇಂಜಿನಿಯರ್ ಹೇಳಿದ್ದಳು. ಮುರಿದರೆ ಹೊಸದು ನಾನು ಹಾಕಿಸುತ್ತೇನೆ ಎಂದೆ. ಅವ್ವ ಅತಿ ದೊಡ್ಡ ಕೌದಿಯನ್ನು ನೀರಲ್ಲಿ ಅದ್ದಿ ಸಿದ್ಧವಾಗಿದ್ದಳು.

“ಇದನ್ನ ನಿನ್ನೆ ಒಗದೇನಲ್ಲ, ಮತ್ತ್ಯಾಕ ತೊಯಿಸಬೇಕು?” ಎಂದು ಗೊಣಗಿದಳು.

“ಸಾಕ್ಷಿ ಹೇಳಾಕ.”

“ಕೌದಿ ಸಾಕ್ಷಿ ಹೇಳ್ತದ? ಇಷ್ಟ ಓದಿ ಏನಾಗ್ಯಾದ ನಿನಗ?”

ಎಲ್ಲರೂ ಸಿಮ್ಮಿನ ಡೇಟಾ ಆರಿಸಿ, ನಮ್ಮ ಮನೆಯ ವೈಫೈಗೆ ಮೊಬೈಲ್ ಜೋಡಿಸಿ, ಏನಾದರೊಂದು ಹಚ್ಚಿಕೊಂಡು ನಿಂತರು. ಒಬ್ಬರದು ಕ್ರಿಕೆಟ್, ಒಬ್ಬರದು ಆರತಿ. ಅವ್ವನೂ ನಾನೂ ಎತ್ತಿ ಹಾಕಿದೆವು. ತಂತಿ ಕೊಕ್ಕೆಯ ಬಳಿ ಬಾಗಿತು. ಒಂದೊಂದಾಗಿ ಕ್ರಿಕೆಟ್ ನಿಂತಿತು, ಆರತಿ ನಿಂತಿತು. ಗಚ್ಚಿಯ ಮೇಲೆ ಕೌದಿಯಿಂದ ನೀರು ತೊಟ್ಟಿಕ್ಕುವ ಸದ್ದು ಮಾತ್ರ. “ತೆಗೆಯಿರಿ” ಎಂದರು ಸೆಕ್ರೆಟರಿ. ತೆಗೆದೆವು. ಸ್ವಲ್ಪ ಹೊತ್ತಿಗೆ ಆರತಿ ನಿಂತಲ್ಲಿಂದಲೇ ಮುಂದುವರಿಯಿತು. “ಇನ್ನೊಮ್ಮೆ” ಎಂದರು. ನನ್ನಷ್ಟೇ ಅನುಮಾನದವರು. ಇನ್ನೊಮ್ಮೆ ಹಾಕಿದೆವು, ತೆಗೆದೆವು. ಅಲ್ಲಿಯೇ ಟಾಕಿಯ ಗೋಡೆಗೆ ಕಾಗದ ಒತ್ತಿ ಹನ್ನೊಂದು ಸಹಿ ಹಾಕಿದರು. ಸೆಕ್ರೆಟರಿಯವರದು ಕೊನೆಯದು.

ಕಂಪನಿಯ ಕಚೇರಿ ಕ್ಯಾಂಪಿನಲ್ಲಿದೆ. ಅಲ್ಲಿಯ ಅಧಿಕಾರಿ ಎರಡೂ ಕಾಗದಗಳನ್ನು ಪಕ್ಕ ಪಕ್ಕ ಇಟ್ಟು ನೋಡಿ, “ಎರಡನ್ನೂ ನೀವೇ ಬರೆದಂತಿದೆ ಮ್ಯಾಡಮ್” ಎಂದ. ಹೌದು ಎಂದೆ. “ಮೊದಲನೆಯದು ಹೆಚ್ಚು ಚೆನ್ನಾಗಿದೆ” ಎಂದ. ಗಲ್ಲಿಯನ್ನು ಆಗಲೇ ಬೇರೆಯವನಿಗೆ ಕೊಟ್ಟಾಗಿದೆ, ನೋಡೋಣ ಎಂದು ಎರಡನ್ನೂ ಒಂದೇ ಕಡತದಲ್ಲಿ ಹಾಕಿದ.

ಅಲ್ಲಿಂದ ನೇರ ಕೇಬಲಿನವನ ಅಂಗಡಿಗೆ ಹೋದೆ. ಅಂಗಡಿ ಎಂದರೆ ರೈಲ್ವೆ ಗೇಟಿನ ಬಳಿ ಒಂದು ಶಟರು, ಒಳಗೆ ಗೋಡೆಯ ತುಂಬ ಯಾರಿಗೂ ಬೇಡವಾದ ಕೇಬಲಿನ ಸುರುಳಿಗಳು. ಅವನು ಒಂದು ಹಳೆಯ ಮಿಕ್ಸರ್ ಬಿಚ್ಚಿಕೊಂಡು ಕೂತಿದ್ದ. ಎದ್ದು ಸ್ಟೂಲ್ ಒರೆಸಿ ಕೊಟ್ಟ. ಕೌದಿಯಿಂದ ಹಿಡಿದು ಎಲ್ಲ ಹೇಳಿದೆ. ತಪ್ಪು ನನ್ನದು ಎಂದೆ.

ಅವನು ಸ್ಕ್ರೂ ತಿರುಗಿಸುತ್ತಲೇ ಕೇಳಿದ. ಆಮೇಲೆ ಡ್ರಾಯರಿನಿಂದ ಮಡಚಿದ ಒಂದು ಕಾಗದ ತೆಗೆದ. ನನ್ನ ಮೊದಲ ಕಾಗದದ ಝೆರಾಕ್ಸ್. “ಕಂಪನಿಯವ್ರು ಕೈಯಾಗ ಕೊಟ್ಟು ಹೊರಗ ಹಾಕಿದ್ರು. ಇಂಗ್ಲಿಷ್ ನನಗ ಓದಾಕ ಬರಂಗಿಲ್ಲ. ಮಗಳಿಗೆ ಬರ್ತದ, ಆಕಿಗೆ ತೋರ್ಸಾಕ ಮನಸಾಗ್ಲಿಲ್ಲ. ಇದರಾಗ ಏನ ಬರದೀರಿ ಓದಿ ಹೇಳ್ರಿ, ಮ್ಯಾಡಮ್.”

ಅವನು ನನ್ನನ್ನು ಮ್ಯಾಡಮ್ ಎಂದದ್ದು ಅದೇ ಮೊದಲು.

ಓದಿದೆ. ಇಂಗ್ಲಿಷಿನಲ್ಲಿ ಸಲೀಸಾಗಿ ಬಂದಿದ್ದ ಮಾತುಗಳನ್ನು ನಮ್ಮ ಮಾತಿಗೆ ಒಂದೊಂದಾಗಿ ತಡೆದು ತಡೆದು ತಿರುಗಿಸಿದೆ. ಒಂದು ಕಡೆ ನಾನು ಸ್ವಲ್ಪ ಮೆತ್ತಗೆ ಮಾಡಿ ಹೇಳಿದೆ. ಅವನು ಕೈ ಎತ್ತಿದ. “ಅಲ್ಲೆ ಅಷ್ಟ ಉದ್ದ ಬರದೀರಿ, ಇಷ್ಟ ಸಣ್ಣ ಹೇಳಿದ್ರಿ. ಪೂರಾ ಹೇಳ್ರಿ.” ಪೂರ್ತಿ ಹೇಳಿದೆ: ‘ಈ ಮನುಷ್ಯನ ಸ್ವಭಾವವೇ ನಂಬಿಕೆಗೆ ಯೋಗ್ಯವಲ್ಲ, ಕುಟುಂಬಗಳಿರುವ ಕಟ್ಟಡದೊಳಗೆ ಇವನನ್ನು ಬಿಡಬಾರದು.’

“ಕುಟುಂಬ ಇರೂ ಬಿಲ್ಡಿಂಗು” ಎಂದು ಅವನು ಮೆಲ್ಲಗೆ ತಿರುಗಿ ಹೇಳಿಕೊಂಡ. “ಕೇಬಲ್ ಕಡದಾನ ಅಂತ ಬರದೀರಿ ಅಂದ್ಕೊಂಡಿದ್ದೆ. ಅದು ನಡೀತಿತ್ತು. ಇದನ್ನ ಯಾಕ ಬರದ್ರಿ?”

ಆ ವಾಕ್ಯ ಬರೆದಾಗ ನನಗೆ ಅದರ ಅರ್ಥಕ್ಕಿಂತ ಅದರ ಓಟ ಹಿಡಿಸಿತ್ತು. ಅದನ್ನು ಅವನಿಗೆ ಹೇಗೆ ಹೇಳಲಿ? “ಬರಿಬಾರದಿತ್ತು” ಎಂದೆ. ಅವನು ಕಾಗದವನ್ನು ಮೊದಲಿದ್ದ ಮಡಿಕೆಯಲ್ಲೇ ಮಡಚಿ ಡ್ರಾಯರಿಗೆ ಹಾಕಿದ. ಹರಿಯಲಿಲ್ಲ, ನನಗೂ ಕೊಡಲಿಲ್ಲ.

ದೀಪಾವಳಿ ಆದಮೇಲೆ ಕಂಪನಿ ಅವನನ್ನು ವಾಪಸು ತೆಗೆದುಕೊಂಡಿತು. ನಮ್ಮ ಎರಡನೆಯ ಕಾಗದದಿಂದಲೋ, ಬದಲಿಗೆ ಬಂದವನು ಬಿಟ್ಟು ಹೋದನೆಂದೋ ಗೊತ್ತಿಲ್ಲ. ಮೂರು ತಿಂಗಳ ಲೆಕ್ಕ ಮತ್ತೆ ಮೊದಲಿನಿಂದ. ಅವ್ವ ಅವನಿಗೆ ಚಹಾ ಕೊಡುತ್ತಾಳೆ, ಅವನು ಹೊರಗೆ ನಿಂತೇ ಕುಡಿಯುತ್ತಾನೆ. “ಒಳಗ ಬಾರೋ ತಮ್ಮಾ” ಎಂದರೆ, “ಕೆಲಸ ಅದ್ರಿ ಅವ್ವಾರ” ಎನ್ನುತ್ತಾನೆ.

ಅವನು ಡಬ್ಬಿ ತೆರೆಯಬೇಕಾದಾಗಲೆಲ್ಲ ಮೊದಲು ನಮ್ಮ ಕರೆಗಂಟೆ ಒತ್ತುತ್ತಾನೆ. ನಾನು ಬಂದು ನಿಂತ ಮೇಲೆ ಮೊಬೈಲನ್ನು ಕಿಟಕಿಯ ಕಟ್ಟೆಗೆ ಆನಿಸಿ, ಡಬ್ಬಿಯೂ ನಾನೂ ಕಾಣುವ ಹಾಗೆ ಇಟ್ಟು ವಿಡಿಯೋ ಹಚ್ಚುತ್ತಾನೆ. ಮೊದಲ ಸಲ ಸಿಟ್ಟು ಬಂದಿತ್ತು. ಈಗ ಸೆರಗು ಸರಿಮಾಡಿಕೊಂಡು ನಿಲ್ಲುತ್ತೇನೆ. ಮೊನ್ನೆಯೂ ಬಂದಿದ್ದ.

“ತಾರೀಖ ಹೇಳ್ರಿ, ಮ್ಯಾಡಮ್.”

ಹೇಳಿದೆ. ವೇಳೆಯನ್ನೂ ಹೇಳಿದೆ.

“ನಾ ಏನ ಮುಟ್ಟೇನಿ ನೋಡಿ ಹೇಳ್ರಿ.”

“ಎಡಗಡೆಯ ಮೂರನೇ ಎಳಿ ತಗದು, ಒರಸಿ, ತಿರುಗಿ ಅಲ್ಲೇ ಹಾಕ್ಯಾರ. ಬ್ಯಾರೇ ಏನೂ ಮುಟ್ಟಿಲ್ಲ. ನಾನ ನಿಂತು ನೋಡೇನಿ” ಎಂದೆ.

ಅವನು ಬೀಗ ಹಾಕಿ, ಎಳೆದು ನೋಡಿ, ವಿಡಿಯೋ ನಿಲ್ಲಿಸಿದ. ಅಲ್ಲೇ ಮೆಟ್ಟಿಲಲ್ಲಿ ನಿಂತು ಅದನ್ನು ಮೊದಲಿನಿಂದ ಕೊನೆಯವರೆಗೆ ನೋಡಿದ. ನನ್ನ ದನಿ ಸರಿಯಾಗಿ ಕೇಳಿಸುತ್ತದೆ ಎಂದು ಖಾತ್ರಿಯಾದ ಮೇಲೆ ಇಳಿದು ಹೋದ.